ಹಾಲವ್ವನ ಬೇಲಿಗೆ ಎರಡು ಕಡ್ಡಿ ಸಂದು

ಏಪ್ರಿಲ್ ತಿಂಗಳ ಬೆಳಗಿನ ಆರೂವರೆ. ಆಂಟಾಪ್ ಹಿಲ್‌ನ ಬಿಲ್ಡಿಂಗೊಂದರ ಟೆರೇಸಿನಲ್ಲಿ ಹಾಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಆರಡಿಯ ಕಂದು ಹಲಗೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಿದ್ದಾರೆ. ಟಣ್ ಎಂದರೆ ಒಳಗೆ ಪೊಳ್ಳು, ಟಪ್ ಎಂದರೆ ಗಟ್ಟಿ. ಗಟ್ಟಿಯದು ಗಾಳಿ ಬಡಿಯುವ ಪಡುವಣಕ್ಕೆ, ಪೊಳ್ಳು ಒಳಬದಿಗೆ. ಹಲಗೆಯ ತುದಿಗೂ ಕಂಬಕ್ಕೂ ನಡುವೆ ಎರಡು ಬೆಂಕಿಕಡ್ಡಿ ಇಟ್ಟು ಸ್ಕ್ರೂ ಬಿಗಿಯುತ್ತಾರೆ. ಆಮೇಲೆ ಕಡ್ಡಿ ಕಿತ್ತು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ.

ಈಗ ಆ ಎರಡು ಕಡ್ಡಿ ಸಂದೇ ತಲೆನೋವಾಗಿ ಕೂತಿದೆ. ಮನೆಯೊಡತಿ ವಿನೋದಿನಿ ಉಡುಪಿ ಕಡೆಯವರು, ಫೋರ್ಟಿನ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಿನ್ನೆ ಸಂಜೆ ಬೇಲಿ ನೋಡಿ ಹೌಹಾರಿದ್ದಾರೆ. “ಎಂಥದು ಮಾರಾಯ್ತಿ ಇದು! ಈ ಸಂದಿನಲ್ಲಿ ಜಿರಳೆಗಳ ಮೆರವಣಿಗೆ ಹೋಗ್ತದೆ. ಯಾಕೆ ಹೀಗೆ ಬಿಟ್ಟದ್ದು?” ಹಾಲವ್ವ ಬಿಡಿಸಿ ಹೇಳಿದರೂ ಅವರಿಗೆ ನಂಬಿಕೆ ಹುಟ್ಟಿಲ್ಲ. ಸಂದು ಮುಚ್ಚಬೇಕು, ಇಲ್ಲವೇ ಬಿಚ್ಚಿಕೊಂಡು ಹೋಗಬೇಕು ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದಾರೆ.

ಹದಿನೆಂಟು ವರ್ಷ ಬೇರೆಯವರ ಕೈಕೆಳಗೆ ದುಡಿದ ಹಾಲವ್ವನವರಿಗೆ ಸ್ವಂತ ಹೆಸರಿನಲ್ಲಿ ಸಿಕ್ಕ ಮೊದಲ ಕೆಲಸ ಇದು. ಬೇಲಿ ಬಿಚ್ಚಿದರೆ ಸುದ್ದಿ ಇಡೀ ಕಾಲೊನಿಗೆ ಹಬ್ಬುತ್ತದೆ, ಎರಡನೆಯ ಕೆಲಸ ಯಾರು ಕೊಡುತ್ತಾರೆ? ಭಯ ಇದೆ, ಅದನ್ನವರು ಮುಚ್ಚಿಡುವುದೂ ಇಲ್ಲ. “ಹೆದರಿಕಿ ಆಗೈತ್ರಿ. ಮಧ್ಯಾಹ್ನದ ಮಟ ತಡೀರಿ ಅಕ್ಕಾರ, ಬಿಸಿಲ ಏರಿದ ಮ್ಯಾಲ ಬಂದು ನೋಡ್ರಿ ಅಂತ ಕೇಳ್ಕೊಂಡೀನಿ,” ಎನ್ನುತ್ತಾರೆ.

ಕುಷ್ಟಗಿ ಕಡೆಯ ಈ ಹೆಣ್ಣುಮಗಳಿಗೆ ಈಗ ನಲವತ್ತೊಂದು. ಮನೆ ಕುರ್ಲಾದ ಚಾಳಿನಲ್ಲಿ. ಬಂದ ಹೊಸದರಲ್ಲಿ ಸಿಮೆಂಟ್ ಬಾಂಡ್ಲಿ ಹೊತ್ತರು. ಅದೇ ಸೈಟಿನ ಬಡಗಿ ಗುರಲಿಂಗಪ್ಪ ಇವರ ಕೈಗೆ ಡ್ರಿಲ್ ಕೊಟ್ಟು ಕೆಲಸ ಕಲಿಸಿದರು. ಮಳೆಗಾಲಕ್ಕೆ ಮರ ಹಿಗ್ಗುತ್ತದೆ, ಜಾಗ ಬಿಡು ಎಂಬುದು ಅವರ ಪಾಠ. ಈ ಕಂದು ಕಾಂಪೊಸಿಟ್ ಹಲಗೆ ಬಂದಾಗ ಹಾಲವ್ವ ತಮ್ಮದೇ ತರ್ಕ ಹೂಡಿದರು: ಇದು ಮಳೆಗೆ ಜಗ್ಗುವುದಿಲ್ಲ ಎಂದ ಮೇಲೆ ಜಾಗ ಯಾಕೆ? ಕಂಟ್ರಾಕ್ಟರರೊಬ್ಬರ ಕೈಕೆಳಗೆ ಮುಲುಂಡಿನ ಬಂಗಲೆಯೊಂದಕ್ಕೆ ಜನವರಿಯ ಚುಮುಚುಮು ಚಳಿಯಲ್ಲಿ ಬಿಗಿಯಾಗಿ ಕೂರಿಸಿ ಬಂದರು. ಏಪ್ರಿಲಿನಲ್ಲಿ ನೋಡಿದರೆ ಬೇಲಿಗೆ ಏಳು ತಿಂಗಳ ಬಸುರಿಯ ಹೊಟ್ಟೆ!

“ಎದಿ ಝಲ್ ಅಂತ್ರಿ. ಇದರಾಗ ಕಟ್ಟಿಗಿ ಹೊಟ್ಟು, ಪ್ಲಾಸ್ಟಿಕ್ಕು ಎರಡೂ ಕೂಡ್ಯಾವ. ಗೆದ್ದಲ ತಿನ್ನಂಗಿಲ್ಲ, ಬಣ್ಣ ಬೇಡಂಗಿಲ್ಲ, ಸಾಬಾಣದ ನೀರಾಗ ತೊಳದ್ರ ಆತು. ಆದ್ರ ಮರಕ್ಕ ಮಳಿ ಚಿಂತಿ, ಇದಕ್ಕ ಬಿಸಿಲ ಚಿಂತಿ, ಕಾದ್ರ ಹಿಗ್ಗತೈತಿ. ಅವತ್ತ ಗೊತ್ತಾತು,” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಅಂದಿನಿಂದ ಅಳತೆಯೆಲ್ಲ ತಂಪು ಹೊತ್ತಿನಲ್ಲೇ. ಅದಕ್ಕೇ ಐದೂ ಇಪ್ಪತ್ತರ ಲೋಕಲ್ ರೈಲು. ದಿನಕ್ಕೆ ಹದಿನಾಲ್ಕು ಹಲಗೆ, ಹಲಗೆಗೆ ನಾಲ್ಕು ಸ್ಕ್ರೂ, ಪ್ರತಿ ಸ್ಕ್ರೂವಿಗೂ ಮೊದಲು ತೂತು. ಅವಸರ ಮಾಡಿದರೆ ಹಲಗೆ ಸೀಳುತ್ತದೆ. ಕೆಳಗಿನ ಹಲಗೆ ನೆಲಕ್ಕೆ ತಾಗಬಾರದು, ನೀರು ನಿಲ್ಲಬಾರದು. ತಾಳಿದವನು ಬಾಳಿಯಾನು ಎಂಬ ಮಾತು ಈ ಕಸುಬಿಗೇ ಹೇಳಿ ಮಾಡಿಸಿದಂತಿದೆ.

ಮಧ್ಯಾಹ್ನ ಒಂದು ಗಂಟೆಗೆ ವಿನೋದಿನಿ ಕಾದ ಟೆರೇಸಿಗೆ ಬರಿಗಾಲಲ್ಲಿ ಬಂದವರು “ಅಯ್ಯಯ್ಯೋ” ಎಂದು ಚಪ್ಪಲಿಗೆ ಓಡುತ್ತಾರೆ. ಮರಳಿ ಬಂದು, ಕನ್ನಡಕ ಏರಿಸಿ, ಸಂದಿಗೆ ಕಡ್ಡಿ ತೂರಿಸುತ್ತಾರೆ. ಬೆಳಿಗ್ಗೆ ಎರಡು ಹಿಡಿಯುತ್ತಿದ್ದ ಕಡೆ ಈಗ ಒಂದೇ, ಅದೂ ತಿಣುಕಿ ತಿಣುಕಿ. ಬ್ಯಾಂಕಿನವರಲ್ಲವೇ, ಒಂದೇ ಹಲಗೆ ನೋಡಿ ನಂಬುತ್ತಾರೆಯೇ? ಐದು ಹಲಗೆ ಪರೀಕ್ಷಿಸುತ್ತಾರೆ. ಹಾಲವ್ವ ಪಕ್ಕದಲ್ಲೇ ನಿಂತು ಒಂದೊಂದೇ ಸಂದು ತೋರಿಸುತ್ತಾರೆ.

“ಹೌದಲ್ಲ ಮಾರಾಯ್ತಿ, ನೀನು ಹೇಳಿದ್ದೇ ಸರಿ! ಉಳಿದದ್ದನ್ನೂ ಹೀಗೇ ಹಾಕು. ಇನ್ನು ನಾನು ಏನೂ ಕೇಳುವುದಿಲ್ಲ.”

ಹಾಲವ್ವನ ಮುಖ ಅರಳುತ್ತದೆ, ಆದರೆ ಆ ಕೊನೆಯ ಮಾತು ಮಾತ್ರ ಅವರಿಗೆ ಹಿಡಿಸಿಲ್ಲ.

“ಹಂಗ ಅನಬ್ಯಾಡ್ರಿ ಅಕ್ಕಾರ, ಕೇಳ್ರಿ. ಹದಿನೆಂಟು ವರ್ಷದಾಗ ‘ಎತ್ತು’, ‘ಇಡು’ ಅಂದವರ ಎಲ್ಲಾರೂ. ‘ಯಾಕ’ ಅಂತ ನನ್ನ ಕೇಳಿದವರು ನೀವೊಬ್ಬರ.”