ಬದುಕಿದ್ದವಳಿಗೆ ಇಟ್ಟ ಎಡೆ

ನಮ್ಮ ಸಮಾಜದ ಸಂಘದವರು ಕೋಲಾರದ ವಿದ್ಯಾರ್ಥಿನಿಲಯದಲ್ಲಿ ವಂಶಾವಳಿ ಬರೆಯುವುದನ್ನು ಕಲಿಸುತ್ತಾರಂತೆ ಎಂಬ ಸುದ್ದಿಯನ್ನು ಮನೆಗೆ ತಂದವರು ನಮ್ಮ ತಂದೆಯೇ. ಮೂವತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ರಜಕ್ಕೆ ಹುಡುಗರೆಲ್ಲ ಊರಿಗೆ ಹೋಗಿ ನಿಲಯ ಖಾಲಿ ಬಿದ್ದಿತ್ತು. ಮನೆಗೊಬ್ಬರಂತೆ ಓದು ಬರಹ ಬಲ್ಲವರು ಬಂದು ಎರಡು ವಾರ ಕಲಿತು, ತಮ್ಮ ತಮ್ಮ ಮನೆತನದ ವಂಶವೃಕ್ಷ ಬರೆದುಕೊಟ್ಟರೆ ಎಲ್ಲವನ್ನೂ ಸೇರಿಸಿ ಪುಸ್ತಕ ಮಾಡುವುದೆಂದು ಸಂಘದವರು ತೀರ್ಮಾನಿಸಿದ್ದರು. ನಮ್ಮ ಮನೆಯಲ್ಲಿ ಅಂಥವಳೆಂದರೆ ನಾನೊಬ್ಬಳೇ.

ನನಗಾಗ ಇಪ್ಪತ್ತು ವರ್ಷ. ಹದಿನೈದಕ್ಕೆ ಮದುವೆಯಾಗಿ, ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ಬೈರಕೂರು ಹೋಬಳಿಯ ನಮ್ಮ ಹಳ್ಳಿಗೆ ವಾಪಸು ಬಂದವಳು. ಮೂಲೆಯಲ್ಲಿ ಕೂರಬೇಕಾಗಿದ್ದ ನನ್ನನ್ನು ತಂದೆ ಓದಿಸಿದರು, ಮುಳಬಾಗಿಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಕೊಡಿಸಿದರು. ಗಂಡ ಸತ್ತರೆ ಹುಡುಗಿಯದೇನು ತಪ್ಪು ಎಂದು ಅರಳಿಕಟ್ಟೆಯ ಮೇಲೆ ಕೂತ ಹಿರಿಯರ ಎದುರಿಗೇ ಕೇಳಿದ ಮನುಷ್ಯ ಅವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದವರು ಅವರನ್ನು ಕಲ್ಲೆದೆಯವರೆಂದುಕೊಳ್ಳಬಹುದು. ಅವರು ಕಲ್ಲೆದೆಯವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೆಂಗಸನ್ನು ತರಗತಿಗೆ ಸೇರಿಸಿಕೊಳ್ಳಲು ಸಂಘದವರು ಹಿಂದೆಮುಂದೆ ನೋಡಿದಾಗಲೂ ತಂದೆಯೇ ಹೋಗಿ ಜಗಳವಾಡಿ ಒಪ್ಪಿಸಿದರು. ನಾನು ಕೋಲಾರದಲ್ಲಿ ಸೋದರಮಾವನ ಮನೆಯಲ್ಲಿ ಉಳಿದುಕೊಂಡೆ. ನನ್ನ ಜೊತೆಗಿರಲೆಂದು ಅಮ್ಮನೂ ಬಂದಳು.

ಪಾಠ ಹೇಳುತ್ತಿದ್ದವರು ನಿವೃತ್ತರಾದ ಒಬ್ಬ ಸ್ಕೂಲ್ ಇನ್‌ಸ್ಪೆಕ್ಟರು. ಕೋಟು, ರುಮಾಲು, ಶುದ್ಧವಾದ ಮಾತು. ಊಟದ ಮನೆಯಲ್ಲಿ ಚಾಪೆ ಹಾಸಿ ಮೂವತ್ತು ಜನ ಗಂಡಸರು ಕೂರುತ್ತಿದ್ದರು, ನಾನು ಬಾಗಿಲ ಪಕ್ಕದ ಮಣೆಯ ಮೇಲೆ. ಅವರು ಕಲಿಸಿದ್ದು ಚೆನ್ನಾಗಿಯೇ ಇತ್ತು ಎಂದು ಈಗಲೂ ಹೇಳುತ್ತೇನೆ. ಬದುಕಿರುವವರಲ್ಲಿ ಎಲ್ಲರಿಗಿಂತ ಹಿರಿಯರನ್ನು ಮೊದಲು ಕೇಳಬೇಕು. ಅವರ ಬಾಯಿಗೆ ನಮ್ಮ ಮಾತು ಹಾಕಬಾರದು. ವರ್ಷ ಗೊತ್ತಿಲ್ಲದಿದ್ದರೆ ಯಾವ ಬರ, ಯಾವ ಪ್ಲೇಗು, ಯಾವ ಕೆರೆ ಒಡೆದ ಕಾಲ ಎಂದು ಕೇಳಿ ಲೆಕ್ಕ ಹಾಕಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ, ಆಮೇಲೆ ಶಾನುಭೋಗರ ಕಡತದಲ್ಲಿ ತಾಳೆ ನೋಡಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ಸುತ್ತು. ಸತ್ತವರ ಹೆಸರಿನ ಕೆಳಗೆ ಒಂದು ಗೀಟು. ‘ಕೇಳಿದ್ದನ್ನ ಕೇಳಿದ ಹಾಗೇ ಬರೀಬೇಕು. ಬರೆಯೋನಿಗೆ ನಾಚಿಕೆ ಇರಬಾರದು’ ಎಂದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ಅದನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡೆ. ಅಷ್ಟು ದಡ್ಡಿ ನಾನು.

ಮೊದಲ ವಾರ ಮುಗಿದ ಮೇಲೆ, ಊರುಗಳಿಗೆ ಹೋಗಿ ಹಿರಿಯರನ್ನು ಕೇಳಿ ಬನ್ನಿ ಎಂದು ನಾಲ್ಕು ದಿನ ಬಿಡುವು ಕೊಟ್ಟರು. ನಮ್ಮ ಮನೆತನದಲ್ಲಿ ಎಲ್ಲರಿಗಿಂತ ಹಿರಿಯಳೆಂದರೆ ತಂದೆಯ ಸೋದರತ್ತೆ. ನಂಗಲಿಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ಆಕೆಯನ್ನು ನಾವೆಲ್ಲ ನಂಗಲಿ ಅಜ್ಜಿ ಎನ್ನುತ್ತಿದ್ದೆವು. ಅಮ್ಮನೂ ನಾನೂ ಬಸ್ಸಿನಲ್ಲಿ ಹೋದೆವು. ಅಜ್ಜಿಗೆ ಕಣ್ಣು ಮಂಜಾಗಿತ್ತು, ನೆನಪು ಮಾತ್ರ ಚುರುಕು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮುತ್ತಾತನ ತಾತನವರೆಗೂ ಹೇಳಿದಳು. ನಾನು ಬರೆಯುತ್ತ ಬಂದು ನನ್ನ ತಂದೆಯ ತಾಯಿಯ ಸುತ್ತಿಗೆ ತಲುಪಿದೆ. ಪ್ಲೇಗಿನಲ್ಲಿ ಅಜ್ಜ ಸತ್ತರು, ಎಂಟು ದಿನಕ್ಕೆ ಅಜ್ಜಿಯೂ ಹೋದರು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ತಾಳೆ ನೋಡಬೇಕಲ್ಲ, ಆಕೆಯನ್ನು ಎಲ್ಲಿ ಮಣ್ಣು ಮಾಡಿದರು ಎಂದು ಕೇಳಿದೆ.

ನಂಗಲಿ ಅಜ್ಜಿ ಎಲೆಯಡಿಕೆ ಚೀಲ ಬಿಚ್ಚಿದಳು, ಮತ್ತೆ ಕಟ್ಟಿದಳು. ಆಮೇಲೆ ಹೇಳಿದಳು: ‘ಅವಳು ಸತ್ತಿಲ್ಲ ಕಣೇ. ಸತ್ತಳು ಅಂತ ನಾವೇ ಹೇಳ್ಕೊಂಡ್ವಿ.’

ಅಜ್ಜಿ ಆವತ್ತು ಹೇಳಿದ್ದು ಇಷ್ಟು. ಪ್ಲೇಗು ಬಂದಾಗ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಹೋಗಿತ್ತು. ನನ್ನ ಅಜ್ಜನ ಕಂಕುಳಲ್ಲಿ ಗಡ್ಡೆ ಎದ್ದದ್ದು ಗೊತ್ತಾದ ದಿನವೇ ಅಣ್ಣತಮ್ಮಂದಿರು ಅವರನ್ನು ದೂರದ ಬೀಳಿನಲ್ಲಿ ಒಂದು ಗುಡಿಸಲಿಗೆ ಹಾಕಿ, ಏಳು ವರ್ಷದ ಮಗನನ್ನು, ಅಂದರೆ ನನ್ನ ತಂದೆಯನ್ನು, ತಮ್ಮ ಹತ್ತಿರ ಇಟ್ಟುಕೊಂಡರು. ಹೆಂಡತಿ ಮಾತ್ರ ಗಂಡನ ಜೊತೆ ಹೋದಳು. ಯಾರೂ ಆ ಕಡೆ ಸುಳಿಯಲಿಲ್ಲ. ಕೆರೆ ಏರಿಯ ಕೆಲಸಕ್ಕೆ ಬಂದಿದ್ದ ಕಲ್ಲು ಕೆಲಸದವನೊಬ್ಬ ದಿನಾ ಎರಡು ಕೊಡ ನೀರು ತಂದಿಡುತ್ತಿದ್ದ. ಎಂಟನೆಯ ದಿನ ಅಜ್ಜ ಹೋದರು. ಗುಂಡಿ ತೋಡಿದವನೂ ಅವನೇ. ಮಣ್ಣು ಮಾಡಿ, ಕೆರೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲಿ ಆಕೆ ಮನೆಯವರ ಗುಡಿಸಲುಗಳ ಹತ್ತಿರ ಬಂದಾಗ ಮೈದುನಂದಿರು ಅಡ್ಡ ನಿಂತರು. ಎಂಟು ದಿನ ಇನ್ನೊಬ್ಬ ಗಂಡಸಿನ ಜೊತೆ ಇದ್ದವಳು ನಮಗೆ ಬೇಡ ಎಂದರು. ಮೂರು ದಿನ ಆಕೆ ಹುಣಸೆ ಮರದ ಕೆಳಗೆ ಕೂತಿದ್ದಳು, ಮಗನನ್ನು ಕೊಡಿ ಎಂದು. ನಾಲ್ಕನೆಯ ದಿನ ಅಲ್ಲಿರಲಿಲ್ಲ. ಮನೆಯವರು ತಿಥಿಯನ್ನು ಇಬ್ಬರಿಗೂ ಸೇರಿಸಿಯೇ ಮಾಡಿದರು.

‘ಹುಡುಗನಿಗೆ ಏನು ಹೇಳಿದ್ರಿ?’ ಎಂದು ಅಮ್ಮ ಕೇಳಿದಳು.

‘ಹುಡುಗ ನೋಡ್ತಾನೇ ಇದ್ದ ಕಣಮ್ಮ. ಅವನಿಗೆ ಏನು ಹೇಳೋದು?’

ಆಕೆ ಶ್ರೀನಿವಾಸಪುರದ ಆಚೆ ಒಂದು ಮಾವಿನ ತೋಪಿನಲ್ಲಿದ್ದಾಳೆ, ಹೋದ ವರ್ಷವೂ ಯಾರೋ ನೋಡಿ ಬಂದರು ಎಂದು ಅಜ್ಜಿ ಊರಿನ ಗುರುತು ಹೇಳಿದಳು. ಅಮ್ಮ ಮದುವೆಯಾಗಿ ಬಂದಾಗಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಮಡಿಯಲ್ಲಿ ಅಡುಗೆ ಮಾಡಿ, ಹೊಸ ಸೀರೆ ಮಡಿಸಿಟ್ಟು, ಆ ಅತ್ತೆಗೆ ಎಡೆ ಇಟ್ಟು ಅಡ್ಡಬಿದ್ದವಳು ಅವಳು. ಕೋಲಾರದಲ್ಲಿ ಬಸ್ಸಿಳಿದ ಮೇಲೆ, ನಾಳೆ ಶ್ರೀನಿವಾಸಪುರಕ್ಕೆ ಹೋಗೋಣ ಎಂದಳು.

ಮರುದಿನ ಬೆಳಿಗ್ಗೆ ಚಿಕ್ಕ ರೈಲಿನಲ್ಲಿ ಹೋದೆವು. ಅಲ್ಲಿಂದ ಎತ್ತಿನ ಗಾಡಿ, ಆಮೇಲೆ ನಡಿಗೆ. ಕಾಯಿ ಕೀಳುವ ಕಾಲ, ತೋಪಿನ ತುಂಬ ಹುಲ್ಲು ಹಾಸಿ ಮಾವಿನಕಾಯಿ ರಾಶಿ ಹಾಕಿದ್ದರು. ಗುಡಿಸಲಿನ ಮುಂದೆ ಕೂತು ಒಡೆದ ಕಾಯಿಗಳನ್ನು ಬೇರೆ ಮಾಡುತ್ತಿದ್ದ ಮುದುಕಿಯನ್ನು ನೋಡಿದ ತಕ್ಷಣ ನನಗೆ ಗೊತ್ತಾಯಿತು. ತಂದೆಯ ಅದೇ ಅಗಲ ಹಣೆ, ಬಲಗಡೆಗೆ ಸ್ವಲ್ಪ ವಾಲಿದ ಅದೇ ಮೂಗು.

‘ಎವುರಮ್ಮಾ ಮೀರು?’ ಎಂದು ಕೇಳಿದಳು. ಯಾರೆಂದು ಅಮ್ಮ ಹೇಳಿದಳು. ಹೇಳಿ ಕಾಲಿಗೆ ಬಿದ್ದಳು. ಮುದುಕಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಒಡೆದವುಗಳ ರಾಶಿಗೆ ಹಾಕಿದಳು. ಆಮೇಲೆ ಕನ್ನಡದಲ್ಲಿ, ಸಾವಕಾಶವಾಗಿ, ನನಗೆ ವರ್ಷಾ ವರ್ಷಾ ಎಡೆ ಇಡ್ತೀರಂತೆ, ಹೌದಾ ಎಂದು ಕೇಳಿದಳು. ಆ ಸುದ್ದಿ ಅವಳಿಗೆ ತಲುಪಿತ್ತು. ಅಮ್ಮ ತಲೆಯಾಡಿಸಿದಳು.

‘ಏನಿಡ್ತೀಯ?’

ಅಮ್ಮ ಅಳುತ್ತಲೇ ಹೇಳಿದಳು. ಹೆಸರುಬೇಳೆ ಪಾಯಸ, ವಡೆ, ಕಜ್ಜಾಯ. ಅತ್ತೆಗೆ ಕಜ್ಜಾಯ ಇಷ್ಟ ಅಂತ ಹೇಳಿದ್ರು, ಅದಕ್ಕೇ ತಪ್ಪಿಸಿಲ್ಲ ಎಂದಳು.

‘ನಂಗೆ ಕಜ್ಜಾಯ ಸೇರಲ್ಲಮ್ಮ’ ಎಂದಳು ಮುದುಕಿ. ‘ಯಾವತ್ತೂ ಸೇರ್ತಿರಲಿಲ್ಲ.’

ನಾನು ನೋಟುಬುಕ್ಕು ತೆಗೆಯಲಿಲ್ಲ. ಆದರೂ ಕೇಳಿದೆ, ಅವಳು ಹೇಳಿದಳು. ಮಗನಿಗಾಗಿ ಕಾದು ಸಾಕಾದ ಮೇಲೆ ಸಾಯಲೆಂದು ಕೆರೆಗೆ ಹೋದಾಗ ಆ ಕಲ್ಲು ಕೆಲಸದವನು ತಡೆದು ತನ್ನ ಊರಿಗೆ ಕರೆತಂದನಂತೆ. ಎರಡು ವರ್ಷ ತನ್ನ ತಾಯಿಯ ಹತ್ತಿರ ಇಟ್ಟು, ಆಮೇಲೆ ಅವಳನ್ನು ಕೇಳಿಯೇ ಕೂಡಿಕೆ ಮದುವೆ ಮಾಡಿಕೊಂಡನಂತೆ. ಅದಕ್ಕೆ ಮೊದಲಿನ ದಿನಗಳ ಬಗ್ಗೆ ನಮ್ಮ ಮನೆಯವರು ಹೇಳಿದ್ದೆಲ್ಲ ಸುಳ್ಳು ಎಂದಳು. ಒಬ್ಬ ಮಗನಿದ್ದ, ಅದೇ ತೋಪು ಕಾಯುತ್ತಿದ್ದ. ಗಂಡ ಹೋಗಿ ಐದು ವರ್ಷವಾಗಿತ್ತು. ನಮಗೆ ಮಜ್ಜಿಗೆ ಕೊಟ್ಟಳು. ನನ್ನ ಬರೀ ಹಣೆಯನ್ನು ನೋಡಿ, ನಿನ್ನನ್ನ ಮನೇಲಿ ಇಟ್ಕೊಂಡಿದ್ದಾನಾ ಎಂದು ಕೇಳಿದಳು. ಓದಿಸಿದರು, ಕೆಲಸ ಕೊಡಿಸಿದರು ಎಂದೆ. ಅವಳ ಮುಖದಲ್ಲಿ ಬಂದು ಹೋದದ್ದೇನೆಂದು ಹೇಳಲು ಇಂದಿಗೂ ನನ್ನಿಂದಾಗದು. ಸಂತೋಷ ಅಂತೂ ಅಲ್ಲ.

ನಾವು ಹೊರಟಾಗ ಒಂದೇ ಒಂದು ಮಾತು ಕೇಳಿದಳು. ‘ಅವನಿಗೆ ಕಿವಿ ಸೋರ್ತಿತ್ತು, ಎಡಗಿವಿ. ವಾಸಿ ಆಯ್ತಾ?’

ವಾಸಿಯಾಗಿರಲಿಲ್ಲ. ತಂದೆಗೆ ಆ ಕಿವಿ ಕೇಳಿಸುತ್ತಲೇ ಇರಲಿಲ್ಲ. ಆಯ್ತು ಎಂದಳು ಅಮ್ಮ.

ತರಗತಿಯ ಕೊನೆಗೆ ಎಲ್ಲರೂ ತಮ್ಮ ಹಾಳೆಗಳನ್ನು ಒಪ್ಪಿಸಬೇಕಿತ್ತು. ತಂದೆಯ ತಾಯಿಯ ಸುತ್ತಿನ ಕೆಳಗೆ ನಾನು ಗೀಟು ಎಳೆದಿರಲಿಲ್ಲ. ಈಗಲೂ ಇದ್ದಾರೆ ಎಂದು ಬರೆದು, ಪಕ್ಕದಲ್ಲಿ ಊರಿನ ಹೆಸರನ್ನೂ ಇನ್ನೊಬ್ಬ ಮಗನ ಚೌಕವನ್ನೂ ಹಾಕಿದ್ದೆ. ಇನ್‌ಸ್ಪೆಕ್ಟರು ಹಾಳೆಯನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಎಲ್ಲರೂ ಊಟಕ್ಕೆದ್ದ ಮೇಲೆ ನನ್ನನ್ನು ಕರೆದು, ಇದು ಹೀಗೆ ಅಚ್ಚಾಗುವುದಕ್ಕೆ ಸಾಧ್ಯವಿಲ್ಲ ಎಂದರು. ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ ಎಂದು ನೀವೇ ಹೇಳಿದ್ದಿರಲ್ಲ ಎಂದೆ.

‘ಅದು ಹಳೇ ಕಾಲದ ವಿಷಯಕ್ಕೆ ಹೇಳಿದ್ದು ತಾಯಿ’ ಎಂದರು. ‘ಬದುಕಿರೋರ ಮರ್ಯಾದೆ ನೋಡಬೇಡವೇ?’

ಆಕೆಯೂ ಬದುಕಿದ್ದಾರೆ ಸ್ವಾಮಿ ಎಂದೆ. ಅವರು ತಮ್ಮದೇ ಪೆನ್ನಿನಿಂದ ಸುತ್ತಿನ ಕೆಳಗೆ ಗೀಟು ಎಳೆದು, ಆ ಮಗನ ಚೌಕವನ್ನು ಹೊಡೆದುಹಾಕಿದರು. ಗೀಟು ಚೊಕ್ಕವಾಗಿ ಬರಬೇಕೆಂದು ಅಳತೆಪಟ್ಟಿ ಇಟ್ಟುಕೊಂಡಿದ್ದರು. ಆ ಸಂಜೆಯೇ ತಂದೆಗೆ ಕಾಗದ ಬರೆದರು.

ಮೂರನೆಯ ದಿನ ತಂದೆ ಕೋಲಾರಕ್ಕೆ ಬಂದರು. ಮೊದಲು ಸಂಘಕ್ಕೆ ಹೋಗಿ, ಹುಡುಗಿ ಯಾರೋ ಹೇಳಿದ್ದನ್ನು ನಂಬಿ ಬರೆದಿದ್ದಾಳೆ ಎಂದು ಕ್ಷಮೆ ಕೇಳಿ, ಬೇರೆ ಹಾಳೆ ಬರೆದುಕೊಟ್ಟು, ಆಮೇಲೆ ಮಾವನ ಮನೆಗೆ ಬಂದರು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಜಗುಲಿಯ ಮೇಲೆ ಕೂತು ನೀರು ಕುಡಿದರು. ಅಮ್ಮ ಎಲ್ಲವನ್ನೂ ಹೇಳಿದಳು. ತೋಪು, ಗುಡಿಸಲು, ಕಿವಿಯ ವಿಷಯ. ಕಿವಿಯ ಮಾತು ಬಂದಾಗ ಅವರ ಕೈ ಎಡಗಿವಿಯ ಹತ್ತಿರ ಹೋಗಿ ಅರ್ಧಕ್ಕೆ ನಿಂತಿತು.

‘ನೀವು ನೋಡಿದ್ರಂತಲ್ಲ, ಹುಣಸೆ ಮರದ ಕೆಳಗೆ ಕೂತಿದ್ದನ್ನ’ ಎಂದಳು ಅಮ್ಮ.

‘ನೋಡಿದ್ದೆ’ ಎಂದರು. ‘ಅಮ್ಮ ಸತ್ತಳು ಅಂದ್ರೆ ಊಟ ಹಾಕ್ತೀವಿ ಅಂದ್ರು. ಅಂದೆ.’

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವರ ಕಾಲು ಹಿಡಿದುಕೊಂಡು ಅಳುತ್ತಿದ್ದೆ. ಏಳು ವರ್ಷದ ಹುಡುಗ, ಹಸಿವು, ದೊಡ್ಡವರ ಕಣ್ಣು. ಆದರೆ ಅವರೀಗ ನಲವತ್ತು ದಾಟಿದ್ದರು, ಊರಿನ ಪಟೇಲರಾಗಿದ್ದರು, ಅವರಿಗೆ ಊಟ ಹಾಕುವವರು ಯಾರೂ ಉಳಿದಿರಲಿಲ್ಲ. ಒಂದು ಸಲ ಬಂದು ನೋಡಿ ಅಪ್ಪ ಎಂದೆ. ಅವರು ಎದ್ದು, ‘ಆ ಮಾತು ಇವತ್ತಿಗೆ ಮುಗೀತು’ ಎಂದು ಚಪ್ಪಲಿ ಹಾಕಿಕೊಂಡರು.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಅಮ್ಮ ನನ್ನ ಅಜ್ಜನಿಗೆ ಮಾತ್ರ ಎಡೆ ಹಾಕಿದಳು. ಎರಡನೆಯ ಎಲೆ ಹಾಕೆಂದು ತಂದೆ ಹೇಳಿದರು. ನಾನು ಹಾಕಲ್ಲ ಎಂದಳು ಅಮ್ಮ. ತಂದೆ ತಾವೇ ಎಲೆ ಹಾಸಿ, ಪಾಯಸ ಬಡಿಸಿ, ಕಜ್ಜಾಯ ಇಟ್ಟು ಅಡ್ಡಬಿದ್ದರು. ಆವತ್ತಿನಿಂದ ಅಮ್ಮನ ಜೊತೆ ಅವರು ಮಾತು ಬಿಟ್ಟರು. ಬೇಕಾದ್ದನ್ನು ಆಳುಗಳ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಅಮ್ಮನೂ ಹಾಗೆಯೇ. ನಾನು ಮುಳಬಾಗಿಲಿನಲ್ಲಿ ಒಂದು ಕೋಣೆ ಹಿಡಿದು, ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ.

ವರ್ಷಕ್ಕೆರಡು ಸಲ ಅಮ್ಮನೂ ನಾನೂ ಶ್ರೀನಿವಾಸಪುರಕ್ಕೆ ಹೋಗಿ ಬರುತ್ತಿದ್ದೆವು. ಯುದ್ಧದ ಕಾಲದಲ್ಲಿ, ರಾಗಿಯೂ ರೇಷನ್ನಿಗೆ ಬಂದ ವರ್ಷ, ಅಜ್ಜಿ ತೀರಿಕೊಂಡಳು. ಮಾವಿನಕಾಯಿ ವ್ಯಾಪಾರದವನೊಬ್ಬ ಸುದ್ದಿ ತಂದ. ಅಮ್ಮ ತಂದೆಗೆ ಹೇಳಿ ಕಳಿಸಿದಳು. ಅವರು ತಾಲ್ಲೂಕು ಕಚೇರಿಯಲ್ಲಿ ಕೆಲಸವಿದೆ ಎಂದು ಹೋಗಿಬಿಟ್ಟರು. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ದಾರಿಯಲ್ಲಿ ಎರಡು ಸಲ ಕೆಟ್ಟು, ನಾವು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಚಿಕ್ಕ ಮಗ ತಲೆ ಬೋಳಿಸಿಕೊಂಡು ಕೂತಿದ್ದ. ದೊಡ್ಡ ಮಗ ಬರಬಹುದು ಅಂತ ಮಧ್ಯಾಹ್ನದವರೆಗೂ ಇಟ್ಕೊಂಡಿದ್ವಿ ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ತಲೆಯೆತ್ತಿ ಅವನನ್ನು ನೋಡಬಹುದಾಗಿತ್ತು.

ಕಾಗದದ ಅಭಾವದಿಂದ ನಿಂತಿದ್ದ ಸಂಘದ ಪುಸ್ತಕ ಯುದ್ಧ ಮುಗಿದ ಮೇಲೆ ಅಚ್ಚಾಯಿತು. ನಮ್ಮ ಮನೆತನಕ್ಕೆ ಒಂದೂವರೆ ಪುಟ. ನನ್ನ ಅಜ್ಜಿ ಪ್ಲೇಗಿನಲ್ಲಿ ಪತಿಸೇವೆ ಮಾಡಿ, ಎಂಟೇ ದಿನಗಳಲ್ಲಿ ಪತಿಯ ಹಿಂದೆಯೇ ನಡೆದ ಮಹಾಸಾಧ್ವಿ ಎಂದು ಬರೆದಿದ್ದರು. ನನ್ನ ತಂದೆಯ ಹೆಸರಿನ ಕೆಳಗೆ ‘ಹೆಣ್ಣು ಸಂತಾನ ಒಂದು’ ಎಂದಿತ್ತು. ಮುನ್ನುಡಿಯಲ್ಲಿ ಇನ್‌ಸ್ಪೆಕ್ಟರು ಸತ್ಯವೇ ನಮ್ಮ ಸಮಾಜದ ಆಸ್ತಿ ಎಂದಿದ್ದರು.

ಅದಾಗಿ ಎರಡು ವರ್ಷಕ್ಕೆ ತಂದೆಗೆ ಕಾಯಿಲೆಯಾಯಿತು. ರಜ ಹಾಕಿ ಊರಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ಅಮ್ಮ ಹಿತ್ತಲಿಗೆ ಹೋಗಿದ್ದಾಗ ಅವರು ಗೋಡೆಯ ಕಡೆ ತಿರುಗಿಕೊಂಡು, ನೋಡೋಕೆ ಹೇಗಿದ್ದಳು ಎಂದು ಕೇಳಿದರು. ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. ಅಮ್ಮ ಎಂಬ ಪದ ಅವರ ಬಾಯಿಂದ ಹೊರಡಲಿ ಎಂದು ಕಾದೆ. ಹೊರಡಲಿಲ್ಲ. ನಾನೂ ಹೇಳಲಿಲ್ಲ. ಅವಳ ಹಣೆ, ಮೂಗು, ಮಾತು ಎಲ್ಲ ನಾಲಗೆಯ ತುದಿಯಲ್ಲಿತ್ತು. ಎದ್ದು ಹೋಗಿ ಅವರ ಗಂಜಿಯನ್ನು ಬಿಸಿ ಮಾಡಿದೆ. ಹದಿನೈದು ದಿನಕ್ಕೆ ಅವರು ಹೋದರು. ನಾನು ಇದನ್ನು ತಿಳಿಸಿದ ಮೇಲೆ, ಅವರಿಗೆ ಹೇಳಿಬಿಡಬಹುದಾಗಿತ್ತಲ್ಲವೇ ಎಂದು ಅಮ್ಮ ಆಗಾಗ ಕೇಳುತ್ತಿದ್ದಳು. ಹೇಳಬಹುದಾಗಿತ್ತು. ಹೇಳಬಾರದೆಂದೇ ಸುಮ್ಮನಿದ್ದೆ.