ತೊಂಬತ್ತೊಂಬತ್ತು ನಿಮಿಷದ ಭಾಷಣ

ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಹಾಯಕಿಯಾಗಿದ್ದವಳನ್ನು ಎಲ್ಲರೂ ಲ್ಯಾಬಕ್ಕ ಎನ್ನುತ್ತಿದ್ದರು. ಕೆಟ್ಟ ಮೀಟರನ್ನು ತಟ್ಟಿ ನೋಡಿಯೇ ರೋಗ ಹೇಳುವವಳು. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ. ಡಿಗ್ರಿಯಿಲ್ಲದವಳ ಮಾತನ್ನು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆ ವರ್ಷ ನಾಲ್ವರು ವಿದ್ಯಾರ್ಥಿಗಳು ಟೈಮರ್ ಮಾಡಲು ಹೊರಟರು. ಇಟ್ಟ ನಿಮಿಷದಿಂದ ಹಿಂದಕ್ಕೆ ಎಣಿಸುತ್ತ ಬಂದು ಸೊನ್ನೆಯಲ್ಲಿ ಅದು ಕೂಗಬೇಕು. ಅಂಥದ್ದು ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಆದರೆ ಒಳಗಿನ ಚಿಪ್ ಕೂಡ ನಮ್ಮದೇ ಆಗಬೇಕೆಂದು ವಿಭಾಗದ ಮುಖ್ಯಸ್ಥರು ಹಟ ಹಿಡಿದಿದ್ದರು.

ಚಿಪ್‌ನ ನಕ್ಷೆ ಮುಗಿದ ದಿನ ಲ್ಯಾಬಕ್ಕ ಇಣುಕಿ ನೋಡಿದಳು. "ಸೊನ್ನೆ ಆದ್ಮೇಲೆ ಇದು ನಿಲ್ಲುತ್ತಾ?"

"ಸೊನ್ನೆ ಆದ್ಮೇಲೆ ಇನ್ನೇನಿರುತ್ತೆ ಅಕ್ಕಾ? ಅಲ್ಲಿಗೆ ಮುಗೀತು," ಎಂದಳು ತಂಡದ ನಾಯಕಿ.

"ನಿಮಗೆ ಮುಗೀತು. ಅದಕ್ಕೆ ಯಾರಾದ್ರೂ ಹೇಳಿದೀರಾ?"

ಮುಖ್ಯಸ್ಥರು ನಕ್ಕರು. "ನೀವು ಸೋಲ್ಡರಿಂಗ್ ಐರನ್ ನೋಡ್ಕೊಳ್ಳಿ, ಸಾಕು."

ಅವಳ ಮುಖ ಸಪ್ಪಗಾಯಿತು. ನಕ್ಷೆ ಕಾರ್ಖಾನೆಗೆ ಹೋಯಿತು.

ಐದು ತಿಂಗಳ ಮೇಲೆ ಚಿಪ್ ಬಂದಾಗ ಕಾಲೇಜಿನ ವಾರ್ಷಿಕ ಸಮಾರಂಭಕ್ಕೆ ಎರಡೇ ದಿನ ಉಳಿದಿತ್ತು. ಟೈಮರಿನ ಪೆಟ್ಟಿಗೆಯ ಮೇಲೆ ಮುಖ್ಯಸ್ಥರ ಹೆಸರು ಬರೆಸುವಷ್ಟರಲ್ಲಿ ಅದೂ ಕಳೆಯಿತು; ಪರೀಕ್ಷಿಸಲು ಪುರುಸೊತ್ತಾಗಲಿಲ್ಲ.

ಮುಖ್ಯ ಅತಿಥಿಯ ಭಾಷಣಕ್ಕೆ ಹತ್ತು ನಿಮಿಷ ಇಟ್ಟರು. ಟೈಮರ್ ನಿಯತ್ತಾಗಿ ಇಳಿದು, ಸೊನ್ನೆಯಲ್ಲಿ ಕೀಂ ಎಂದಿತು. ಅತಿಥಿ ತಲೆಯೆತ್ತುವಷ್ಟರಲ್ಲಿ ಅದು ನಿಲ್ಲದೆ ಎರಡಂಕಿಯ ತುದಿಗೆ ಹಾರಿ ತೊಂಬತ್ತೊಂಬತ್ತು ನಿಮಿಷ ತೋರಿಸುತ್ತಿತ್ತು.

"ನನ್ನ ಮಾತು ಇಷ್ಟು ಹಿಡಿಸುತ್ತೆ ಅಂತ ಗೊತ್ತಿರ್ಲಿಲ್ಲ," ಎಂದು ಅವರು ಗದ್ಗದಿತರಾಗಿ ತಮ್ಮ ಬಾಲ್ಯದಿಂದ ಶುರು ಮಾಡಿದರು.

ಮುಖ್ಯಸ್ಥರಿಗೆ ಬಿಸಿ ತುಪ್ಪ ಬಾಯಲ್ಲಿಟ್ಟಂತಾಯಿತು. ನಿಲ್ಲಿಸಿದರೆ ಟೈಮರ್ ಕೆಟ್ಟಿದೆ ಎಂದು ಒಪ್ಪಿಕೊಂಡಂತೆ. ಬಿಟ್ಟರೆ ಅತಿಥಿ ಇನ್ನೂ ಎರಡನೇ ತರಗತಿಯಲ್ಲೇ ಇದ್ದರು. ಟೈಮರ್ ಎಪ್ಪತ್ತೊಂದಕ್ಕೆ ಬಂದಾಗ ಮುಖ್ಯಸ್ಥರು ಲ್ಯಾಬಕ್ಕನ ಬಳಿ ಬಗ್ಗಿದರು. "ಏನಾದ್ರೂ ಮಾಡಿ."

"ನಂಗೇನ್ ಗೊತ್ತಾಗುತ್ತೆ ಸಾರ್?"

"ತಪ್ಪಾಯ್ತು ತಾಯಿ."

ಅವಳು ಎದ್ದು ಹೋಗಿ ಪ್ಲಗ್ ಕಿತ್ತಳು. ಅಂಕಿ ಆರಿತು, ಅತಿಥಿ ಕೂತರು. ಅಷ್ಟು ಜೋರು ಚಪ್ಪಾಳೆ ಆ ಸಭಾಂಗಣದಲ್ಲಿ ಎಂದೂ ಬಿದ್ದಿರಲಿಲ್ಲ.

'ಭಾಷಣಕಾರರ ಉತ್ಸಾಹಕ್ಕೆ ತಕ್ಕಂತೆ ಸಮಯ ಹಿಗ್ಗಿಸುವ ಸೌಲಭ್ಯವಿದೆ' ಎಂದು ಮುಖ್ಯಸ್ಥರು ವರದಿ ಬರೆದರು. ಮುಂದೆ ಅದಕ್ಕೆ ಬಹುಮಾನವೂ ಬಂತು.

ವರದಿ ಕಳಿಸುವ ಮೊದಲು, ಆ ಸೋಮವಾರ, ನಾಯಕಿ ಮಾತ್ರ ಅದನ್ನು ಹಿಡಿದು ಲ್ಯಾಬಿಗೆ ಬಂದಳು. ತಂಡದವರ ಹೆಸರಿಗೆ ನಮೂನೆಯಲ್ಲಿ ನಾಲ್ಕೇ ಗೆರೆಯಿತ್ತು. ಅವಳು ಸ್ಕೇಲ್ ಇಟ್ಟು ಐದನೆಯದನ್ನು ಎಳೆದು, ಲ್ಯಾಬಕ್ಕನ ನಿಜ ಹೆಸರು ಬರೆದು, ಮುಂದಿಟ್ಟಳು. ಲ್ಯಾಬಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಕಾಗುಣಿತ ಸರಿಯಾಗಿದೆ," ಎಂದಳು.