ಮೇಲಿನ ಬೋಲ್ಟ್ ಮೊದಲು

ಆಸ್ಪತ್ರೆಯಿಂದ ಬಂದು ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ನನ್ನ ಗಂಡನಿಗೆ ಮನೆಯಲ್ಲಿ ಕೂತು ಸಾಕಾಗಿತ್ತು. ಅವರು ಕೂತಿರುವುದನ್ನು ನೋಡಿ ನೋಡಿ ನನಗೂ ಸಾಕಾಗಿತ್ತು. ಎದೆಯ ಮೂಳೆ ಸೀಳಿ ಬೈಪಾಸ್ ಮಾಡಿದ್ದರು. ಮೂರು ತಿಂಗಳು ಗಾಡಿ ಓಡಿಸಬಾರದು, ಭಾರ ಎತ್ತಬಾರದು, ನೆಲಕ್ಕೆ ಕೈ ಊರಿ ಏಳಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕೆಮ್ಮು ಬಂದರೆ ಸಣ್ಣ ದಿಂಬೊಂದನ್ನು ಎದೆಗೆ ಅವಚಿಕೊಂಡು ಕೆಮ್ಮುತ್ತಿದ್ದರು. ಉಳಿದ ಹೊತ್ತೆಲ್ಲ ಒಳಗಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಟ. ಕುರ್ಚಿಯಲ್ಲಿ ಕೂತರೆ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತ ನನಗೆ ಆ ಸದ್ದು ಕೇಳಿಸದಿದ್ದರೂ ಬೆರಳು ಕಾಣುತ್ತಿತ್ತು. ದಾರ ತಪ್ಪುತ್ತಿತ್ತು. ಎದ್ದು ಹೋಗಿ ಅವರ ಹಣೆ ಮುಟ್ಟಿ ನೋಡುತ್ತಿದ್ದೆ. ಜ್ವರ ಇರುತ್ತಿರಲಿಲ್ಲ. ಮತ್ತೆ ಬಂದು ಕೂರುತ್ತಿದ್ದೆ.

ಮರಾಠಿ ಸೀಮೆಯ ಖರಾಡಿಯ ಹಳೆಯ ಭಾಗದಲ್ಲಿ ನಮ್ಮದು ನಾಲ್ಕು ಮನೆಗಳ ಸಾಲು. ಸುತ್ತ ಗಾಜಿನ ಕಟ್ಟಡಗಳು ಎದ್ದಿವೆ. ಮುಂದೆ ಸಿಮೆಂಟಿನ ಅಂಗಳ, ಅಲ್ಲಿ ನಮ್ಮ ಪಿಕಪ್ ಗಾಡಿ. ನನ್ನ ಗಂಡ ವಿಜಯಪುರದಿಂದ ಗುಮಾಸ್ತರಾಗಿ ಬಂದವರು. ಆಮೇಲೆ ನೌಕರಿ ಬಿಟ್ಟು ಈ ಗಾಡಿ ಕೊಂಡು, ಇಲ್ಲಿನ ಒಂದು ಶೆಡ್ಡಿನಿಂದ ರಟ್ಟಿನ ಡಬ್ಬಿಗಳನ್ನು ತುಂಬಿಕೊಂಡು ರಾಂಜಣಗಾಂವದ ಕಾರ್ಖಾನೆಗೆ ಮುಟ್ಟಿಸುವ ಕೆಲಸ ಹಿಡಿದಿದ್ದರು. ಆಪರೇಷನ್ ಆದ ಮೇಲೆ ಬದಲಿಗೆ ಸಿಕ್ಕ ಡ್ರೈವರು ಎರಡು ಸಲ ಹೋಗಿ ಬಂದು, ಹಬ್ಬಕ್ಕೆಂದು ಊರಿಗೆ ಹೋದವನು ತಿರುಗಿ ಬರಲಿಲ್ಲ. ನನಗೆ ಲೈಸೆನ್ಸ್ ಇತ್ತು. ಊರಿಗೆ ಹೋಗುವಾಗ ಖಾಲಿ ರಸ್ತೆಯಲ್ಲಿ ಅವರು ನನ್ನ ಕೈಗೆ ಸ್ಟೇರಿಂಗ್ ಕೊಟ್ಟಿದ್ದೂ ಉಂಟು. ಹೀಗಾಗಿ ಸೋಮವಾರ, ಗುರುವಾರ ನಾನೇ ಹೋಗತೊಡಗಿದೆ. ಫೋನಿನ ನಕ್ಷೆ ಹೇಳಿದಂತೆ ತಿರುಗುತ್ತ, ಬೆನ್ನು ಬೆವರುತ್ತ.

ಎರಡನೆಯ ಗುರುವಾರ ನಾನು ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸುವ ಮೊದಲೇ ಅವರು ಬಾಗಿಲಲ್ಲಿ ನಿಂತಿದ್ದರು.

“ಹಿಂದ ಕುಂಯ್ ಅಂತದಲ್ಲ, ನಿನಗ ಕೇಳಸಂಗಿಲ್ಲೇನು?”

“ಗಾಡಿ ಅಂದ್ರ ಸಪ್ಪಳ ಮಾಡ್ತದರಿ.”

“ಇದು ಆ ಸಪ್ಪಳ ಅಲ್ಲ. ಮಳೆಗಾಲದಾಗ ನೀರಾಗ ಹಾಯ್ದದ. ಎಣ್ಣಿ ಬದಲ ಮಾಡಬೇಕು. ಗೇರ್‌ಬಾಕ್ಸಿಂದೂ, ಹಿಂದಿನ ಗಾಲಿ ಅಚ್ಚಿಂದೂ.”

ಇದು ಪ್ರತಿ ವರ್ಷ ಮಳೆ ಮುಗಿದ ಮೇಲೆ ಅವರೇ ಅಂಗಳದಲ್ಲಿ ಮಲಗಿ ಮಾಡುತ್ತಿದ್ದ ಕೆಲಸ. ಗ್ಯಾರೇಜಿಗೆ ಒಯ್ಯುತ್ತೇನೆ ಎಂದೆ. ಬೇಡ ಎಂದರು. ಹಾಗಾದರೆ ನೀವು ಗುಣವಾಗುವ ತನಕ ಇರಲಿ ಎಂದೆ. ಅದಕ್ಕೂ ಬೇಡ. ಶುಕ್ರವಾರ ಎರಡು ಸಲ, ಶನಿವಾರ ನಾಲ್ಕು ಸಲ ಅದೇ ಮಾತು. ಶನಿವಾರ ಸಂಜೆ ನಾನು ಹಾಲು ತಂದು ಒಳಗೆ ಬರುವಾಗ ಅವರು ಪಾನಾಗಳ, ಅಂದರೆ ಸ್ಪ್ಯಾನರುಗಳ, ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದ್ದರು. ಆ ಪೆಟ್ಟಿಗೆ ಕಡಿಮೆಯೆಂದರೂ ಹತ್ತು ಕಿಲೊ ತೂಗುತ್ತದೆ. ನಾನು ಹಾಲಿನ ಪಾತ್ರೆಯನ್ನು ಅಲ್ಲೇ ನೆಲಕ್ಕಿಟ್ಟು ಕಿರುಚಿದೆ.

“ಬಿಡ್ರಿ ಅದನ್ನ! ನಾನ ಮಾಡ್ತೀನಿ. ನೀವು ಕುರ್ಚಿ ಮ್ಯಾಲ ಕುಂತು ಹೇಳ್ರಿ ಸಾಕು.”

ಸಿಟ್ಟಿನಲ್ಲಿ ಆಡಿದ ಮಾತು. ಅವರು ಅದನ್ನೇ ಹಿಡಿದುಕೊಂಡರು.

ಭಾನುವಾರ ತಿಂಡಿ ಮುಗಿಸಿ ಶುರು ಮಾಡಿದೆವು. ಎಣ್ಣೆ ಬಿಸಿಯಾದರೆ ಚೆನ್ನಾಗಿ ಇಳಿಯುತ್ತದೆ ಎಂದು ಅವರು ಹೇಳಿದ್ದರಿಂದ ಹತ್ತು ನಿಮಿಷ ಗಾಡಿ ಓಡಿಸಿ ತಂದೆ. ಗಾಲಿಗಳಿಗೆ ಕಲ್ಲು ಕೊಟ್ಟೆ, ಹಳೆಯ ಚಾಪೆ ಹಾಸಿದೆ, ಸೀರೆ ಬಿಟ್ಟು, ಮದುವೆಯಾಗಿ ಹೋದ ಮಗಳ ಹಳೆಯ ಚೂಡಿದಾರ ಹಾಕಿಕೊಂಡಿದ್ದೆ. ಗಾಡಿಯ ಕೆಳಗೆ ಜರುಗುವಾಗ ಮೊದಲು ತಾಗಿದ್ದು ಬಿಸಿ, ಆಮೇಲೆ ಮಣ್ಣು. ಕಣ್ಣಿಗೆ ಒಣ ಕೆಸರಿನ ಪುಡಿ ಬಿತ್ತು. ಹೊರಗಿನಿಂದ ಅವರ ಧ್ವನಿ.

“ಏನ ಕಾಣಸ್ತದ?”

“ಎಲ್ಲಾ ಕಾಣಸ್ತದ. ಯಾವುದು ಅಂತ ಹೇಳ್ರಿ.”

“ನಡುವ ದೊಡ್ಡ ಡಬ್ಬಿ ಥರ ಅದ ನೋಡು. ಅದರ ತಳದಾಗ ಒಂದು ಬೋಲ್ಟ್.”

ಸಿಕ್ಕಿತು. ಪಾನಾ ಹಾಕಿ ಎರಡೂ ಕೈಯಿಂದ ಎಳೆದೆ. ಮೂರನೆಯ ಸಲಕ್ಕೆ ಸಡಿಲಾಯಿತು. ಬೆರಳಿನಿಂದ ತಿರುಗಿಸುತ್ತಿದ್ದಂತೆ ಬೋಲ್ಟ್ ಕೈಗೇ ಬಂತು, ಅದರ ಹಿಂದೆಯೇ ಕಪ್ಪು ಎಣ್ಣೆ ಮೊಣಕೈ ತನಕ ಇಳಿಯಿತು. ಗಂಧಕದಂಥ ನಾತ. ಟಬ್ಬನ್ನು ಸರಿಸಿ ಹಿಡಿದೆ. ಹೊಲಿಗೆ ಯಂತ್ರಕ್ಕೆ ಹನಿ ಹನಿ ಎಣ್ಣೆ ಬಿಡುವ ನನಗೆ ಅಷ್ಟೊಂದು ಎಣ್ಣೆ ಒಮ್ಮೆಲೇ ಸುರಿಯುವುದನ್ನು ನೋಡಿ, ಹೇಳಬಾರದು, ಖುಷಿಯೇ ಆಯಿತು. ಕೊನೆಯ ಹನಿ ಇಳಿದ ಮೇಲೆ ಬೋಲ್ಟ್ ಒರೆಸಿ, ಹೊಸ ತಾಮ್ರದ ವಾಷರ್ ಹಾಕಿ ಬಿಗಿದೆ.

“ಈಗ ಪಕ್ಕದಾಗ, ಮ್ಯಾಲ ಒಂದು ಬೋಲ್ಟ್ ಅದ. ಅದರಾಗಿಂದ ಹೊಸ ಎಣ್ಣಿ ಹಾಕೋದು. ಅದನ್ನ ತಗಿ,” ಎಂದರು.

ಅದು ಅಲುಗಲಿಲ್ಲ. ಮಲಗಿದಲ್ಲೇ ಕಾಲು ಒತ್ತಿ ಎಳೆದೆ. ಪಾನಾ ಜಾರಿ ಬೆರಳ ಗೆಣ್ಣು ಕಬ್ಬಿಣಕ್ಕೆ ಬಡಿಯಿತು. ಮತ್ತೆ ಹಾಕಿ ಎಳೆದೆ. ಮತ್ತೆ ಜಾರಿತು. ಟಾರ್ಚ್ ಹಿಡಿದು ನೋಡಿದರೆ ಬೋಲ್ಟಿನ ಎರಡು ಮೂಲೆ ಸವೆದು ದುಂಡಗಾಗಿದ್ದವು.

“ಬರವಲ್ದುರಿ ಇದು.”

ಹೊರಗೆ ಸದ್ದಿಲ್ಲ.

“ಕೇಳಿಸ್ತೇನ್ರಿ? ಮೂಲಿ ಸವದಾವ. ಬರವಲ್ದು.”

ಆಗಲೂ ಉತ್ತರ ಬರಲಿಲ್ಲ. ಬೆನ್ನು ತರಚಿಕೊಂಡು ಹೊರಗೆ ಜರುಗಿದೆ. ಅವರು ಕುರ್ಚಿಯಲ್ಲೇ ಇದ್ದರು. ಏನೂ ಆಗಿರಲಿಲ್ಲ. ಆದರೆ ಬೆರಳು ಬಡಿಯುವುದು ನಿಂತಿತ್ತು, ಮುಖ ಸುಣ್ಣದ ಹಾಗಾಗಿತ್ತು.

“ಮ್ಯಾಲಿಂದು ಮೊದಲ ತಗೀಬೇಕಿತ್ತು,” ಎಂದರು. “ಅದು ಬಂತು ಅಂದ್ರ ಮಾತ್ರ ತಳದ್ದು ಬಿಚ್ಚೋದು. ಬರಲಿಲ್ಲ ಅಂದ್ರ ಹಳೇ ಎಣ್ಣಿನೂ ಇಲ್ಲ, ಹೊಸಾದು ಹಾಕಲಿಕ್ಕೂ ಬರಂಗಿಲ್ಲ. ಇದು ಮೊದಲನೇ ಪಾಠ. ಇಪ್ಪತ್ತು ವರ್ಷದಾಗ ನಾ ಒಮ್ಮೆನೂ ತಪ್ಪಿಲ್ಲ.”

“ಆತು ಬಿಡ್ರಿ, ಒಂದು ಸಲ...”

“ನನಗ ನೆನಪಾಗಲಿಲ್ಲ. ಮ್ಯಾಲಿಂದು ಬರವಲ್ದು ಅಂತ ನೀ ಅನ್ನೋ ತನಕ ನೆನಪಾಗಲೇ ಇಲ್ಲ.”

ನಾನು ಎಣ್ಣೆಯ ಕೈಯಲ್ಲೇ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಆಗ ಅವರು ಹೇಳಿದರು. ಆಸ್ಪತ್ರೆಯಿಂದ ಬಂದಾಗಿನಿಂದ ತಲೆಯಲ್ಲಿ ಅಲ್ಲಲ್ಲಿ ಖಾಲಿ ಜಾಗ. ಮಾತಾಡುವಾಗ ಸಾಮಾನಿನ ಹೆಸರು ಸಿಗುವುದಿಲ್ಲ. ಯಾರಿಗೂ ಹೇಳಿರಲಿಲ್ಲ. ಹೊತ್ತು ಕಳೆಯಲೆಂದು ಕೂತಲ್ಲೇ ಮನಸ್ಸಿನಲ್ಲಿ ರಾಂಜಣಗಾಂವಕ್ಕೆ ಗಾಡಿ ಓಡಿಸುತ್ತಿದ್ದರಂತೆ. ಒಂದೊಂದು ತಿರುವಿಗೆ ಒಂದೊಂದು ಬೆರಳು.

“ವಾಘೋಲಿ ಬರ್ತದ, ಶಿಕ್ರಾಪುರ ಬರ್ತದ. ಕಾರ್ಖಾನಿ ಏರಿಯಾದ ಒಳಗ ಹೊಕ್ಕ ಮ್ಯಾಲ ನೀರಿನ ಟಾಕಿ ತನಕ ಬರ್ತದ. ಆಮ್ಯಾಲ ಎಡಕೋ ಬಲಕೋ ಗೊತ್ತಾಗವಲ್ದು. ಸಾವಿರ ಸಲ ಹೋಗಿರಬೇಕು ನಾ. ದಿನಾ ಅಲ್ಲೇ ಬಂದು ನಿಂದರ್ತದ.”

ಎದೆ ಸೀಳಿಸಿಕೊಳ್ಳಲು ಹೆದರದ ಮನುಷ್ಯ. ಸ್ಟ್ರೆಚರ್ ಮೇಲಿಂದಲೇ ನನಗೆ, ಸಂಜೆ ಚಾ ಕುಡಿ, ತಲೆನೋವು ಬರ್ತದ ನಿನಗ, ಎಂದು ಹೇಳಿ ಹೋದವರು. ಈಗ ಕೆಮ್ಮು ಬರದಿದ್ದರೂ ದಿಂಬನ್ನು ಎದೆಗೆ ಅವಚಿಕೊಂಡಿದ್ದರು. ಇಪ್ಪತ್ತು ದಿನ ನಾನು ಉಸಿರು ಎಣಿಸುತ್ತಿದ್ದೆ, ಗಾಯ ನೋಡುತ್ತಿದ್ದೆ, ಕಾಲಿನ ಬಾವು ಒತ್ತಿ ನೋಡುತ್ತಿದ್ದೆ. ಅವರು ಹೆದರಿದ್ದು ಬೇರೆಯದಕ್ಕೆ. ಕೈಯ ಎಣ್ಣೆಯನ್ನು ಚೂಡಿದಾರಕ್ಕೆ ಒರೆಸಿಕೊಂಡೆ.

“ನಾಳಿ ಸೋಮವಾರ. ಮೊದಲು ಇದನ್ನ ಹ್ಯಾಂಗ ತಗೀಬೇಕು ಅಂತ ಹೇಳ್ರಿ,” ಎಂದೆ.

“ನನಗ ಈಗ ನನ್ನ ಮ್ಯಾಲ ಭರೋಸಾ ಇಲ್ಲ. ಕಾಕಾನ್ನ ಕರಿ,” ಎಂದರು.

ಕಾಕಾ ಅಂದರೆ ಸಾಲಿನ ಕೊನೆಯ ಮನೆಯವರು, ದೌಂಡದ ರೈಲ್ವೆಯಲ್ಲಿ ಫಿಟರ್ ಆಗಿ ನಿವೃತ್ತರಾದವರು. ಮರಾಠಿಯವರು. ಎರಡೂ ಮೊಣಕಾಲು ಮಡಚಲು ಬರುವುದಿಲ್ಲ. ಕೋಲೂರಿಕೊಂಡು ಬಂದರು, ಒಂದು ಕೈಯಲ್ಲಿ ಸುತ್ತಿಗೆ. ನಾನು ನಡೆದದ್ದನ್ನು ಹೇಳಿದೆ. ಅವರು ಮೊದಲು ನನ್ನ ಗಂಡನನ್ನು, ಆಮೇಲೆ ಎಣ್ಣೆ ಮೆತ್ತಿದ ನನ್ನನ್ನು ನೋಡಿ, ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು. ಕೆಲಸ ಬಲ್ಲ ಇಬ್ಬರು ಗಂಡಸರು ಬಗ್ಗಲಾರದೆ ಹೊರಗೆ, ಬಗ್ಗಬಲ್ಲವಳು ಏನೂ ಗೊತ್ತಿಲ್ಲದೆ ಗಾಡಿಯ ಕೆಳಗೆ.

“ವಹಿನಿ, ಆಧೀ ಠೋಕಾ,” ಎಂದರು ಕಾಕಾ. ವಹಿನಿ ಅಂದರೆ ಅತ್ತಿಗೆ; ಮೊದಲು ಹೊಡೆಯಬೇಕಂತೆ. ಬೋಲ್ಟಿನ ತಲೆಯ ಮೇಲೆ ನೆಟ್ಟಗೆ, ಹದವಾಗಿ, ಹತ್ತು ಏಟು. ಆಮೇಲೆ ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಬೇಕು. ಹಿಡಿದುಕೊಂಡ ತುಕ್ಕು ಅಲ್ಲಿ ಬಿಡುತ್ತದೆ. ಮಲಗಿದವಳ ಮುಖದ ಮೇಲೆ ಸುತ್ತಿಗೆ ಆಡಿಸುವುದು ಸುಲಭವಲ್ಲ. ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿದ್ದೆ. ಬಿಗಿಯುವ ಕಡೆಗೆ ಒತ್ತಿದಾಗ ಏನೋ ಅಲುಗಿದ ಹಾಗಾಯಿತು, ಭ್ರಮೆಯೂ ಇರಬಹುದು. ಬಿಚ್ಚುವ ಕಡೆಗೆ ಎಳೆದೆ. ಪಾನಾ ಮತ್ತೆ ಜಾರಿತು.

ಆಗ ನನ್ನ ಗಂಡನ ಧ್ವನಿ ಬಂತು. “ಆ ಪಾನಾ ಬ್ಯಾಡ. ಆರು ಮೂಲಿದ್ದು, ಪೂರ್ತಿ ಮುಚ್ಚೋದು ಒಂದು ಅದ. ಪೆಟಗಿ ಒಳಗ ಎಡಗಡೆ, ಬಟ್ಟಿಯಾಗ ಸುತ್ತಿದ್ದು. ಅದರ ಹಿಡಿಕಿಗೆ ಪೈಪ್ ಹಾಕು.”

ಹೊರಗೆ ಜರುಗಿ ಪೆಟ್ಟಿಗೆ ತೆಗೆದೆ. ಎಡಗಡೆಯೇ ಇತ್ತು, ಬಟ್ಟೆಯಲ್ಲೇ ಸುತ್ತಿತ್ತು. ಅವರ ಕಡೆ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಹಿಡಿಕೆಗೆ ಕಬ್ಬಿಣದ ಪೈಪ್ ತೂರಿಸಿ ಉದ್ದ ಮಾಡಿಕೊಂಡು ಮತ್ತೆ ಕೆಳಗೆ ಹೋದೆ. ಎರಡೂ ಕಾಲನ್ನು ಗಾಲಿಗೆ ಕೊಟ್ಟು, ಹೆರಿಗೆಯಲ್ಲಿ ತಿಣುಕಿದ ಹಾಗೆ ತಿಣುಕಿದೆ. ಫಟ್ ಎಂದು ಸದ್ದಾಯಿತು. ಬೋಲ್ಟ್ ಮುರಿಯಿತು ಅಂದುಕೊಂಡೆ. ಮುರಿದಿರಲಿಲ್ಲ, ಸಡಿಲಾಗಿತ್ತು.

“ಬಂತು!” ಎಂದು ಒಳಗಿನಿಂದಲೇ ಕೂಗಿದೆ. “ಸುಟ್ಲಾ, ಸುಟ್ಲಾ,” ಎಂದು ಕಾಕಾ ಕೋಲಿನಿಂದ ನೆಲ ಬಡಿದರು, ಬಿಟ್ಟಿತು ಅಂತ.

ಎಣ್ಣೆ ಹಾಕುವಾಗ ನನ್ನ ಗಂಡನಿಗೂ ಒಂದು ಕೆಲಸ ಸಿಕ್ಕಿತು. ಎಂಜಿನ್ನಿನ ಬದಿಯಿಂದ ಉದ್ದನೆಯ ಪಾರದರ್ಶಕ ಪೈಪೊಂದನ್ನು ಕೆಳಗಿಳಿಸಿ ಅದರ ತುದಿಯನ್ನು ನಾನು ಆ ತೂತಿಗೆ ಹಿಡಿದೆ. ಮೇಲೆ ಆಲಿಕೆ ಇಟ್ಟು, ಅವರು ನಿಂತುಕೊಂಡು ಸಣ್ಣ ಚೊಂಬಿನಲ್ಲಿ ಸ್ವಲ್ಪ ಸ್ವಲ್ಪವೇ ಎಣ್ಣೆ ಹೊಯ್ದರು. ಪೈಪಿನೊಳಗೆ ಜೇನಿನ ಬಣ್ಣದ ಎಣ್ಣೆ ನಿಧಾನಕ್ಕೆ ಇಳಿದು ಬರುತ್ತಿತ್ತು. ತೂತಿನ ಅಂಚಿನಿಂದ ಹನಿ ಹೊರಬಿದ್ದ ಕೂಡಲೇ “ಸಾಕ್ರಿ” ಎಂದೆ. ಅಷ್ಟೇ ಲೆಕ್ಕ, ತುಂಬಿದರೆ ತಾನೇ ಹೊರಗೆ ಬರುತ್ತದೆ.

ಹಿಂದಿನ ಅಚ್ಚಿಗೆ ಹೋಗುವ ಮೊದಲು ಇಬ್ಬರೂ ಒಟ್ಟಿಗೇ “ಮ್ಯಾಲಿಂದು ಮೊದಲ” ಎಂದೆವು. ಅದು ಸಲೀಸಾಗಿ ಬಂತು. ತಳದ್ದನ್ನು ಬಿಚ್ಚಿದಾಗ ಇಳಿದದ್ದು ಕಪ್ಪು ಎಣ್ಣೆಯಲ್ಲ. ಹಾಲು ಹೆಚ್ಚಾದ ಕಾಫಿಯಂಥ ದ್ರವ, ಮಂದವಾಗಿ, ನೊರೆನೊರೆಯಾಗಿ. ಟಬ್ಬನ್ನು ಹೊರಗೆ ತಳ್ಳಿದೆ. ಕಾಕಾ ಒಂದು ಬೆರಳು ಅದ್ದಿ ನೋಡಿ ತಲೆಯಾಡಿಸಿದರು. “ಪಾಣಿ ಗೇಲಂಯ್,” ಅಂದರು. ನೀರು ಹೊಕ್ಕಿದೆ. ಇನ್ನೊಂದು ತಿಂಗಳು ಹಾಗೇ ಓಡಿಸಿದ್ದರೆ ಒಳಗಿನ ಹಲ್ಲುಗಾಲಿಗಳು ತುಕ್ಕು ಹಿಡಿದು ಹೋಗುತ್ತಿದ್ದವು ಎಂದರು.

ನನ್ನ ಗಂಡ ಟಬ್ಬಿನ ಕಡೆ ಬಗ್ಗಲು ಹೋಗಿ, ನೆನಪಾಗಿ, ನಿಂತರು. “ನಾ ಹೇಳಿದ್ದೆ,” ಎಂದರು. ಎರಡು ದಿನದ ಹಿಂದೆ ಈ ಮಾತು ಕೇಳಿದ್ದರೆ ನನ್ನ ಮೈ ಉರಿಯುತ್ತಿತ್ತು. ಅವತ್ತು ಇನ್ನೊಮ್ಮೆ ಹೇಳಲಿ ಅನ್ನಿಸಿತು.

ಮರುದಿನ ಬೆಳಿಗ್ಗೆ ಡಬ್ಬಿ ತುಂಬಿಕೊಂಡು ಹೊರಟಾಗ ಅವರೂ ದಿಂಬು ಹಿಡಿದು ಪಕ್ಕದ ಸೀಟಿನಲ್ಲಿ ಕೂತರು. ಕೂರಬಹುದೆಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ನೆನಪಿನ ವಿಷಯವನ್ನೂ ಆಗಲೇ ಕೇಳಿದ್ದೆ. ಇಂಥ ಆಪರೇಷನ್ ಆದವರಲ್ಲಿ ಕೆಲವರಿಗೆ ಹಾಗಾಗುತ್ತದೆ, ಹೆಚ್ಚಿನವರಿಗೆ ಬರಬರುತ್ತ ಸರಿಹೋಗುತ್ತದೆ, ಕರೆದುಕೊಂಡು ಬನ್ನಿ ನೋಡೋಣ ಎಂದಿದ್ದರು. ‘ಹೆಚ್ಚಿನವರಿಗೆ’ ಎಂಬ ಮಾತನ್ನು ನಾನು ಅವರಿಗೆ ಹೇಳಲಿಲ್ಲ. ನಕ್ಷೆ ಬಂದ್ ಮಾಡಿ ಫೋನನ್ನು ಚೀಲದಲ್ಲಿಟ್ಟೆ. ವಾಘೋಲಿಯ ಗದ್ದಲದಲ್ಲಿ ಮುಕ್ಕಾಲು ಗಂಟೆ ನಿಂತೆವು. ನಾನು ಬ್ರೇಕ್ ಹಾಕಬೇಕಾದಾಗ ಅವರು ಎರಡು ಸಲ ತಮ್ಮ ಕಾಲನ್ನೇ ನೆಲಕ್ಕೆ ಒತ್ತಿದರು.

ನೀರಿನ ಟಾಕಿ ಬಂತು. ಗಾಡಿ ನಿಧಾನ ಮಾಡಿದೆ. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹಿಂದಿನ ಲಾರಿಯವನು ಹಾರ್ನ್ ಬಡಿಯುತ್ತಿದ್ದ.

“ಇಲ್ಲ. ಗೊತ್ತಾಗವಲ್ದು,” ಎಂದರು.

“ಎಡಕ,” ಎಂದು ತಿರುಗಿಸಿದೆ. ಅವರು ಕಿಟಕಿಯಿಂದ ಆ ತಿರುವನ್ನು ಕತ್ತು ಹೊರಳಿಸಿ ನೋಡಿದರು, ಕಾಣದಾಗುವವರೆಗೂ.

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ರಿಜಿಸ್ಟರ್ ಹಿಡಿದು ಕಿಟಕಿಯ ಹತ್ತಿರ ಬಂದ. ನನ್ನ ಗಂಡನನ್ನು ಗುರುತು ಹಿಡಿದು ನಕ್ಕು, ತಬಿಯತ್ತು ಕೇಳಿ, ಡ್ರೈವರ್ ಎಂದು ಬರೆಯುವ ಜಾಗದಲ್ಲಿ ಅವರ ಹೆಸರನ್ನೇ ಬರೆಯಹೋದ. ಅವರು ಕೈಯೆತ್ತಿ ತಡೆದರು.

“ಹಿಚಂ ಲಿಹಾ,” ಎಂದರು. ಇವಳದ್ದು ಬರಿ.

ಮೂರು ತಿಂಗಳ ಮೇಲೆ ಅವರು ಮತ್ತೆ ಗಾಡಿ ಹಿಡಿದರು. ಮರೆತದ್ದರಲ್ಲಿ ಬಹಳಷ್ಟು ತಿರುಗಿ ಬಂತು, ಎಲ್ಲವೂ ಬರಲಿಲ್ಲ. ಗುರುವಾರ ಈಗಲೂ ನಾನೇ ಹೋಗುತ್ತೇನೆ. ಸೋಮವಾರ ಅವರು ಹೊರಟ ಮೇಲೆ ಯಂತ್ರದ ಮುಂದೆ ಕೂರುತ್ತೇನೆ, ಏಳುತ್ತೇನೆ, ಅಂಗಳಕ್ಕೆ ಬಂದು ರಸ್ತೆ ನೋಡುತ್ತೇನೆ. ಕಾಕಾ ತಮ್ಮ ಬಾಗಿಲಿನಿಂದಲೇ ಕೇಳುತ್ತಾರೆ, ಬಂದರಾ ಎಂದು. ಇನ್ನೂ ಇಲ್ಲ, ಈಗ ಶಿಕ್ರಾಪುರ ದಾಟಿರಬೇಕು ಎನ್ನುತ್ತೇನೆ.